ಮುಚ್ಚಳದ ಒಳಬದಿ

ಕರ್, ಕರ್, ಸಲಿಕೆಯ ಸದ್ದು ಇವತ್ತು ಬೇರೆಯಾಗಿದೆ, ಹಿಮದೊಳಗೆ ಇಳಿದರೆ ಅದು ಇಷ್ಟು ಕೂಗುವುದಿಲ್ಲ, ಇದು ಬರಿಯ ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು, ನಿನ್ನೆ ಹಿಮ ಬಿದ್ದೇ ಇಲ್ಲವಲ್ಲ, ಮತ್ತೆ ಈ ಅಜ್ಜಿ ಅಂಗಳದಲ್ಲಿ ಏನನ್ನು ಕೆರೆಯುತ್ತಿದ್ದಾರೆ — ಇರಲಿ, ಕೆರೆಯಲಿ, ಕೆರೆಯುವಷ್ಟು ಹೊತ್ತು ಅಡುಗೆಮನೆ ತನ್ನದು ಎಂದುಕೊಂಡಳು ಥಾಜಿನ್, ಒಂದರ ಮೇಲೊಂದು ಎರಡು ಜೊತೆ ಕಾಲುಚೀಲ ಹಾಕಿಕೊಂಡರೂ ನೆಲದ ಥಂಡಿ ಹಿಮ್ಮಡಿಯಿಂದ ಮೇಲಕ್ಕೆ ಹತ್ತುತ್ತಿದೆ. ಸೀಮೆಎಣ್ಣೆ ಹೀಟರು ಈಗಷ್ಟೇ ಹೊತ್ತಿಕೊಂಡಿದೆ, ಕಿಟಕಿಯ ಗಾಜಿನ ಮೇಲೆ ಒಳಗಿನ ಉಸಿರೆಲ್ಲ ನೀರಾಗಿ ಇಳಿಯುತ್ತಿದೆ, ಜಪಾನಿನ ಈ ಕನಾಜಾವಾದ ಚಳಿಗಾಲದಲ್ಲಿ ಟವೆಲ್ಲು ಮೂರು ದಿನವಾದರೂ ಒಣಗುವುದಿಲ್ಲ, ಉಪ್ಪು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಬೀರುವಿನ ಬಾಗಿಲು ಉಬ್ಬಿ ಕೂತು ತೆಗೆಯಲು ಬರುವುದಿಲ್ಲ, ಇಡೀ ಮನೆಯಲ್ಲಿ ತೇವ ಹತ್ತದ ಜಾಗ ಒಂದೇ ಒಂದು, ಆ ಮಣೆಯ ಮೇಲಿರುವ ಬಟ್ಟಲಿನ ಮುಚ್ಚಳದ ಒಳಬದಿ. ಎರಡು ಪುಟ್ಟ ಮಣೆಗಳು, ಒಂದರ ಪಕ್ಕ ಒಂದು, ಎರಡರ ಮೇಲೂ ಅನ್ನ, ಅಕ್ಕಿತೌಡಿನಲ್ಲಿ ಹೂತು ಹುಳಿ ಬರಿಸಿದ ಮೂಲಂಗಿಯ ನಾಲ್ಕು ಬಿಲ್ಲೆ, ಸುಟ್ಟ ಮೀನಿನ ತುಂಡು, ಮುಚ್ಚಳ ಹಾಕಿದ ಮಿಸೊ ಸಾರು, ಹುದುಗಿಸಿದ ಸೋಯಾ ಹಿಟ್ಟಿನದು. ಎಡಗಡೆಯದು ಚಿಗುಸಾಳದು, ಬಲಗಡೆಯದು ನೇಲಿನ್‌ನದು. ಚಿಗುಸಾ ಈ ಮನೆಯ ಮಗಳು, ಹನ್ನೊಂದು ವರ್ಷದಿಂದ ಮನೆಯಲ್ಲಿಲ್ಲ. ನೇಲಿನ್ ತನ್ನ ತಮ್ಮ, ಅಕ್ಟೋಬರಿನಿಂದ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಇಬ್ಬರಿಗೂ ಸಾರು ಬಿಸಿಯಾಗಿಯೇ ಇರಬೇಕು, ಅದು ಈ ಮನೆಯ ನಿಯಮ.

ಏಪ್ರಿಲಿನಲ್ಲಿ ಬಂದ ಮೊದಲ ಬೆಳಿಗ್ಗೆಯೇ ಎಡವಟ್ಟು ಮಾಡಿಕೊಂಡಿದ್ದಳು, ಕಾಲೇಜಿನವರು ಗೊತ್ತು ಮಾಡಿಕೊಟ್ಟ ಮನೆ, ಐರಾವತಿ ನದಿಯ ದಡದ ಬಗಾನ್ ಊರಿನ, ಮರದ ಪಾತ್ರೆಗೆ ಮೆರುಗು ಬಳಿಯುವವರ ಮಗಳು, ಒಂದು ವರ್ಷದ ಮಟ್ಟಿಗೆ ಬಂದ ವಿನಿಮಯ ವಿದ್ಯಾರ್ಥಿನಿ, ಥಾಜಿನ್ ಎನ್ನಲು ನಾಲಿಗೆ ಹೊರಳದೆ ಮನೆಯೊಡತಿ ಫುಸಾಯೆ ಸಾನ್ ನಾಲ್ಕು ಸಲ ಹೇಳಿಸಿಕೊಂಡು ಕಡೆಗೆ ಮನೆಯ ಮಕ್ಕಳನ್ನು ಕರೆಯುವಂತೆ ತಾಜಿನ್ ಚಾನ್ ಎಂದು ತಮಗೆ ಬೇಕಾದ ಹಾಗೆ ಮಾಡಿಕೊಂಡರು, ಇವಳೂ ಸರಿ ಎಂದಳು — ಊಟದ ಮೇಜಿನ ಸುತ್ತ ಮೂರು ಊಟ, ಇಬ್ಬರೇ ಜನ, ಮೂರನೆಯವರು ಬರಲಿ ಎಂದು ಮರ್ಯಾದೆಯಿಂದ ಕಾದಳು, ಸಾರು ಆರಿತು, ತಿನ್ನು ತಿನ್ನು ಎಂದು ಫುಸಾಯೆ ಸಾನ್ ಎರಡು ಸಲ ಹೇಳಿದರು, ಇವಳು ಮತ್ತೆ ಕೂರಲು ಹಾಕಿದ್ದ ಆ ಖಾಲಿ ದಿಂಬಿನ ಕಡೆ ನೋಡಿದಳು, ಅದಾ, ಮಗಳದು, ದೂರ ಹೋಗಿದ್ದಾಳೆ ಅಂದರು. ಇಲ್ಲದವರ ಮುಂದೆ ಅನ್ನ ಇಟ್ಟರೆ ಬಗಾನ್‌ನಲ್ಲಿ ಅದಕ್ಕಿರುವ ಅರ್ಥ ಒಂದೇ, ಹಾಗಾಗಿ ಎಲ್ಲ ಅರ್ಥವಾಯಿತು ಎಂಬ ಮುಖ ಮಾಡಿಕೊಂಡು, ಕೈ ಮುಗಿದು, ವಿಮಾನದಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಅತಿ ಗಂಭೀರವಾದದ್ದನ್ನೇ ಆರಿಸಿ, ಸಾವಿನ ಮನೆಯಲ್ಲಿ ಹೇಳುವ ಆ ಮಾತನ್ನು ಒಂದಕ್ಷರ ತಪ್ಪದೆ ಹೇಳಿಬಿಟ್ಟಳು. ಎಂಥ ಚೆಂದದ ಉಚ್ಚಾರಣೆ ಆವತ್ತು. ಫುಸಾಯೆ ಸಾನ್ ಚಾಪ್‌ಸ್ಟಿಕ್ ಕೆಳಗಿಟ್ಟರು, ಎದ್ದರು, ಇವಳ ಮಣಿಕಟ್ಟು ಹಿಡಿದು ಪಕ್ಕದ ಕೋಣೆಗೆ ಎಳೆದುಕೊಂಡು ಹೋದರು, ಅಲ್ಲಿ ಪೂರ್ವಜರ ಗೂಡು, ಊದುಬತ್ತಿ, ಗಂಡನ ಫೋಟೋ, ಅದರ ಮುಂದೆ ಚಿಟಿಕೆಯಷ್ಟು ಅನ್ನ, ಸತ್ತೋರು ಇಲ್ಲಿರ್ತಾರೆ ತಾಜಿನ್ ಚಾನ್, ನಮ್ಮೆಜಮಾನ್ರು ಇಲ್ಲೇ ಇದ್ದಾರೆ, ಆ ಕೋಣೇಲಿ ಕೂರೋರೆಲ್ಲ ಬದುಕಿರೋರು, ತಿಳೀತಾ. ಮತ್ತೆ ವಾಪಸ್ಸು ಕರೆತಂದು ಆ ಬಟ್ಟಲಿನ ಮುಚ್ಚಳ ಎತ್ತಿ ಮಗುಚಿ ತೋರಿಸಿದರು, ಕಪ್ಪು ಮೆರುಗು, ಅಂಚಿನಲ್ಲಿ ಸವೆದು ಕೆಂಪು ಕಾಣುತ್ತಿದ್ದ ಹಳೆಯ ಮುಚ್ಚಳ, ಒಳಗೆ ನೀರಹನಿ, ನೋಡು, ಮುಚ್ಚಳ ಬೆವರಿದ್ರೆ ದೂರ ಹೋದೋರು ಅಲ್ಲಿ ಚೆನ್ನಾಗಿದ್ದಾರೆ ಅಂತ, ನಮ್ಮಮ್ಮನೂ ಇಡ್ತಿದ್ರು, ಅವರಮ್ಮನೂ ಇಡ್ತಿದ್ರು, ನೆರಳಿನ ಊಟ ಅಂತಾರೆ. ಒಣಗಿದ್ದರೆ ಎಂದು ಕೇಳಿದಳು ಥಾಜಿನ್, ಬಾಯಿ ಸುಮ್ಮನಿರಬೇಕಲ್ಲ. ಫುಸಾಯೆ ಸಾನ್ ಮುಚ್ಚಳವನ್ನು ಮತ್ತೆ ಬಟ್ಟಲಿನ ಮೇಲೆ ಕೂರಿಸಿದರು.

ಚಿಗುಸಾ ಹೋದಾಗ ಇಪ್ಪತ್ತನಾಲ್ಕು, ಥಾಜಿನ್‌ಗೆ ಈಗ ಇಪ್ಪತ್ತಮೂರು, ಹೋಗುವಾಗ ಅಕ್ಕಿಯ ಡಬ್ಬದ ಮುಚ್ಚಳದ ಮೇಲೆ ಚೀಟಿ ಅಂಟಿಸಿ ಹೋಗಿದ್ದಳಂತೆ, ಹುಡುಕಬೇಡಿ, ಚಳಿಗೆ ಮಂಡಿಗೆ ಬಟ್ಟೆ ಕಟ್ಟಿಕೊಳ್ಳಿ, ಅಷ್ಟೇ ಎರಡು ಸಾಲು, ಪೊಲೀಸರು ವಯಸ್ಸಿಗೆ ಬಂದವಳು ತಾನಾಗಿ ಹೋದರೆ ನಾವೇನು ಮಾಡೋಣ ಅಂದರಂತೆ, ಈ ದೇಶದಲ್ಲಿ ಹಾಗೆ ಹೋದವರಿಗೆ ಆವಿಯಾದವರು ಎಂದೇ ಹೆಸರು. ಯಾವ ದಿಕ್ಕಿಗೆ ಹೋದಳೋ ಗೊತ್ತಿಲ್ಲದ್ದರಿಂದ ಅವಳ ಮಣೆ ದಿನಕ್ಕೊಂದು ದಿಕ್ಕಿಗೆ ತಿರುಗುತ್ತದೆ, ಸೋಮವಾರ ಸಮುದ್ರದ ಕಡೆ, ಮಂಗಳವಾರ ಬೆಟ್ಟದ ಕಡೆ, ಬುಧವಾರ ಸುಡುವ ಕಸ ಹೊರಗಿಡುವ ದಿನ ಮತ್ತು ಟೋಕಿಯೋದ ಕಡೆ, ಬರುಬರುತ್ತಾ ಥಾಜಿನ್‌ಗೆ ವಾರ ಗೊತ್ತಾಗುತ್ತಿದ್ದದ್ದೇ ಹಾಗೆ, ಮಣೆ ನೋಡಿ ಕಸದ ಚೀಲ ಕಟ್ಟುತ್ತಿದ್ದಳು. ಮಲಗುವುದು ಚಿಗುಸಾಳ ಕೋಣೆಯಲ್ಲಿ, ಸ್ನಾನದ ಸರದಿ ಚಿಗುಸಾಳದು, ಹಾಕಿಕೊಳ್ಳುವುದು ಚಿಗುಸಾಳ ಕಂದು ಕೋಟು, ಮೊದಲ ಹಿಮ ಬಿದ್ದ ದಿನ ಫುಸಾಯೆ ಸಾನ್ ಪೆಟ್ಟಿಗೆಯಿಂದ ತೆಗೆದುಕೊಟ್ಟದ್ದು, ಕರ್ಪೂರದ ವಾಸನೆ, ತೋಳು ಒಂದಿಂಚೂ ಉದ್ದವಿಲ್ಲ ಗಿಡ್ಡವಿಲ್ಲ, ಅದೇ ಕೋಟಿನಲ್ಲಿ ಬಸ್ಸಿಗೆ ನಿಂತಿದ್ದಾಗ ಬೆನ್ನ ಹಿಂದಿನಿಂದ ಯಾರೋ ಚಿಗುಸಾ ಚಾನ್, ಯಾವಾಗ ಬಂದೆ ಅಂದರು, ಆ ಕ್ಷಣ ಭಾಷೆ ತೋಚದೆ ಹೂಂ ಎಂದುಬಿಟ್ಟಳು, ತಿರುಗಿ ನೋಡುವಷ್ಟರಲ್ಲಿ ಬಸ್ಸು ಬಂತು, ಆ ಹೆಂಗಸು ಕೊಡೆಯ ಕೆಳಗಿನಿಂದ ನಗುತ್ತ ತಲೆ ಬಾಗಿಸಿದಳು. ಇದನ್ನು ಫುಸಾಯೆ ಸಾನ್‌ಗೆ ಹೇಳಲಿಲ್ಲ. ಆಮೇಲೆ ಎಷ್ಟೋ ದಿನ ಬಸ್ಸಿನ ಗಾಜಿನಲ್ಲಿ ತನ್ನ ಮುಖ ಕಂಡಾಗಲೆಲ್ಲ ಮೊದಲು ಕೋಟು ಕಾಣುತ್ತಿತ್ತು, ಆಮೇಲೆ ತಾನು, ನಡುವೆ ಒಂದು ಗಳಿಗೆ ಯಾರೂ ಇರುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು, ನಿಜವಾಗಿ ಹೆದರಿಕೆಯಾಗುತ್ತಿತ್ತು. ಕಾಲೇಜಿನ ಕೆಲಸದ ಕೋಣೆಗೆ ಹೋಗಿ ಅಂಗಿಯ ತೋಳು ಮಡಿಸಿದರೆ ಸರಿಹೋಗುತ್ತಿತ್ತು, ಮೆರುಗಿಗೆ ಬಳಿಯುವ ಮರದ ಹಾಲಿನ ಆ ಹುಳಿ ವಾಸನೆ ಬಗಾನ್‌ನಲ್ಲೂ ಅದೇ ಇಲ್ಲೂ ಅದೇ, ಅಲ್ಲಿ ನೆಲಮಾಳಿಗೆಯ ತೇವದಲ್ಲಿ ಇಟ್ಟು ಒಣಗಿಸುತ್ತಾರೆ, ಇಲ್ಲಿ ಒದ್ದೆ ಬಟ್ಟೆ ಹಾಸಿದ ಮರದ ಕಪಾಟಿನಲ್ಲಿ, ಈ ಒಂದು ಪದಾರ್ಥಕ್ಕೆ ಒಣಗಲು ನೀರು ಬೇಕು, ಬಿಸಿಲಿಗಿಟ್ಟರೆ ತಿಂಗಳಾದರೂ ಹಸಿ.

ಕರ್, ಕರ್, ಸಲಿಕೆ ಈಗ ಗೇಟಿನ ಹತ್ತಿರ ಹೋಗಿದೆ, ಪಕ್ಕದ ಮನೆಯ ನಾಯಿ ಒಂದು ಸಲ ಬೊಗಳಿ ಸುಮ್ಮನಾಯಿತು, ಇನ್ನೂ ನಾಲ್ಕೈದು ನಿಮಿಷ ಇದೆ, ಅವಸರ ಬೇಡ — ನೇಲಿನ್‌ಗೆ ಅವಸರ ಜಾಸ್ತಿ, ಹೊಟ್ಟೆಯಲ್ಲಿದ್ದಾಗಲೇ ಒಂದು ತಿಂಗಳು ಮುಂಚೆ ಬಂದವನು ಎಂದು ಅಮ್ಮ ನಗುತ್ತಿದ್ದರು, ಮೀನುಸಾರಿನ ಶಾವಿಗೆ, ಬಿಸಿ ಮೊಹಿಂಗಾ, ಊದದೆ ಬಾಯಿಗಿಟ್ಟು ಮಮಾ ಮಮಾ ನೀರು ಎಂದು ಕುಣಿಯುವವನು, ಅಕ್ಕಂದಿರನ್ನೆಲ್ಲ ಊರಿನವರು ಮಮಾ ಅನ್ನುತ್ತಾರೆ, ಆದರೆ ಅವನು ಕರೆದರೆ ಏನೋ ಬೇಕು ಅಂತಲೇ ಅರ್ಥ. ಅಕ್ಟೋಬರಿನಲ್ಲಿ ಸೈನ್ಯಕ್ಕೆ ಸೇರಬೇಕಾದವರ ಪಟ್ಟಿಯಲ್ಲಿ ಹೆಸರು ಬಂತು, ಎರಡು ದಿನ ಕಳೆದು ತಪ್ಪಿಸಿಕೊಂಡು ಐರಾವತಿ ದಾಟಿ ಆ ದಡಕ್ಕೆ ಹೋದ, ದಡ ಮುಟ್ಟುವ ಮುಂಚೆ ಒಂದು ಸಂದೇಶ ಕಳಿಸಿದ, ಮಮಾ, ದೋಣಿಯಲ್ಲಿದ್ದೇನೆ, ಮೀನು ನೆಗೆಯುತ್ತಿವೆ. ಅಷ್ಟೆ. ಆ ಕಡೆ ಫೋನಿಲ್ಲ, ಇದ್ದರೂ ಸಿಗ್ನಲ್ಲಿನ ಗೋಪುರ ಉರುಳಿಸಿದ್ದಾರೆ, ಅಮ್ಮ ಹತ್ತು ದಿನಕ್ಕೊಮ್ಮೆ ಸಿಕ್ಕರೆ ಅವನ ಬಟ್ಟೆ ಒಗೆದಿಟ್ಟಿದ್ದೀನಿ ಎನ್ನುತ್ತಾರೆ, ಕಳೆದ ಸಲವೂ ಅದೇ ಬಟ್ಟೆ, ಯಾರೂ ಹಾಕಿಕೊಳ್ಳದ ಬಟ್ಟೆ ಎಷ್ಟು ಸಲ ಕೊಳೆಯಾಗುತ್ತದೆ. ಥಾಜಿನ್ ಇಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಕಾಲೇಜಿಗೆ ಹೋದಳು, ಉಜ್ಜಿದಳು, ಬಳಿದಳು, ಅಂಗಡಿಯ ಅನ್ನದ ಉಂಡೆ ತಿಂದಳು, ಆರನೆಯ ದಿನ ಫುಸಾಯೆ ಸಾನ್ ಸಾರು ಬಡಿಸುತ್ತಾ ಯಾರು ಎಂದು ಕೇಳಿದರು, ಏನಾಯಿತು ಎಂದಲ್ಲ, ಯಾರು ಎಂದು. ತಮ್ಮ ಎಂದಳು. ಮಾರನೆಯ ಬೆಳಿಗ್ಗೆ ಎರಡನೆಯ ಮಣೆ ಬಂದಿತ್ತು, ನೈಋತ್ಯಕ್ಕೆ ಮುಖ ಮಾಡಿ, ಸಾರಿನ ಬಟ್ಟಲಿಗೆ ಸಾಸರು ಮುಚ್ಚಿ, ತಾಜಿನ್ ಚಾನ್, ಖಾರ ತಿಂತಾನಾ ಅವನು.

ಖಾರವೇ. ಆ ಮೂರು ತಿಂಗಳು ಆ ಅಡುಗೆಮನೆಯಲ್ಲಿ ನಡೆದದ್ದು ಒಂದು ದೊಡ್ಡ ಪ್ರಹಸನ, ಎಪ್ಪತ್ನಾಲ್ಕು ವರ್ಷ ಖಾರವೆಂದರೆ ಶುಂಠಿ ಎಂದುಕೊಂಡಿದ್ದವರು ಕಾಣದ ಹುಡುಗನೊಬ್ಬನಿಗಾಗಿ ಮೆಣಸಿನಪುಡಿ ಹುರಿದು ಕೆಮ್ಮಿ ಕಣ್ಣೀರು ಸುರಿಸಿ ಬೀದಿಬಾಗಿಲಿಗೆ ಓಡಿದರು, ನಿಮ್ ತಮ್ಮ ಇನ್ನೂ ಹೇಗೆ ಬದುಕಿದ್ದಾನೆ ಮಾರಾಯ್ತಿ, ಎಂದು ಹೊರಗಿನಿಂದಲೇ ಕೂಗಿದರು, ಇಬ್ಬರೂ ನಕ್ಕರು, ನಕ್ಕಮೇಲೆ ಇಬ್ಬರೂ ಆ ಮಾತನ್ನು ಕೇಳಿಸಿಕೊಂಡರು. ಮೂರನೆಯ ಪ್ರಯತ್ನಕ್ಕೆ ಮೊಹಿಂಗಾದ ವಾಸನೆ ಸ್ವಲ್ಪ ಹತ್ತಿರ ಬಂತು. ಊಟವಾದ ಮೇಲೆ ನೆರಳಿನ ಊಟವನ್ನು ಬಿಸಾಡುವ ಹಾಗಿಲ್ಲ, ಮನೆಯವರೇ ತಿನ್ನಬೇಕು, ಚಿಗುಸಾಳ ಪಾಲು ಫುಸಾಯೆ ಸಾನ್, ನೇಲಿನ್‌ನ ಪಾಲು ಥಾಜಿನ್, ದಿನಾ ಎರಡು ತಿಂಡಿ, ಮೈ ಕೈ ತುಂಬಿ ಕೋಟಿನ ಗುಂಡಿ ಬಿಗಿಯಾಯಿತು, ಅವನು ಅಲ್ಲಿ ಏನು ತಿನ್ನುತ್ತಿದ್ದಾನೋ, ನಾನಿಲ್ಲಿ ಅವನದನ್ನೂ ತಿಂದು ದಪ್ಪಗಾಗುತ್ತಿದ್ದೇನೆ ಎಂದು ಒಂದು ದಿನ ಬಚ್ಚಲಲ್ಲಿ ಅತ್ತಳು. ಆರಿದ ಸಾರನ್ನು ಎತ್ತಿ ಕುಡಿಯುವಾಗ ಯಾರೋ ಮೊದಲೇ ಒಂದು ಗುಟುಕು ಕುಡಿದ ಹಾಗೆ ಕಡಿಮೆಯಿರುತ್ತಿತ್ತು, ಅಥವಾ ಹಾಗೆ ಅನ್ನಿಸುತ್ತಿತ್ತು, ಇದನ್ನು ಅಳೆದು ನೋಡುವ ಧೈರ್ಯ ಇವತ್ತಿಗೂ ಬಂದಿಲ್ಲ.

ಹೊಸ ವರ್ಷದ ಪಾತ್ರೆ ತೊಳೆಯುವಾಗ ಚಿಗುಸಾಳ ಹಳೆಯ ಮುಚ್ಚಳ ಕೈಜಾರಿದ್ದು ತನ್ನಿಂದಲೇ, ಸೋಪಿನ ಕೈ, ಸಿಂಕಿನ ಅಂಚಿಗೆ ಬಡಿದು ನಡುವೆ ಸೀಳಿತು, ಒಡೆದ ಸದ್ದು ಕೂಡ ಬರಲಿಲ್ಲ, ಒಣಕಟ್ಟಿಗೆ ಮುರಿದಂತೆ ಟಕ್ ಅಂತು, ಫುಸಾಯೆ ಸಾನ್ ಬಂದು ಎರಡು ತುಂಡನ್ನೂ ಒರೆಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು, ಪರವಾಗಿಲ್ಲ ತಾಜಿನ್ ಚಾನ್, ಅದಕ್ಕೂ ವಯಸ್ಸಾಗಿತ್ತು. ಆವತ್ತೇ ಕಾಲೇಜಿನಲ್ಲಿ ಎರಡು ಮುಚ್ಚಳ ಶುರು ಮಾಡಿದಳು, ಒಂದು ಚಿಗುಸಾಳಿಗೆ, ಒಂದು ನೇಲಿನ್‌ಗೆ, ಮರ ಕಡೆಯುವ ಚಕ್ರದ ಮೇಲೆ ಕಡೆದು, ಬಟ್ಟೆ ಅಂಟಿಸಿ, ಕೆಮ್ಮಣ್ಣು ಕಲಸಿದ ಮರದ ಹಾಲು ಬಳಿದು, ಉಜ್ಜಿ, ಮತ್ತೆ ಬಳಿದು, ತೇವದ ಕಪಾಟಿನಲ್ಲಿಟ್ಟು, ಕುರೊಸಾಕಿ ಮೇಷ್ಟ್ರು ಹಿಂದೆ ಬಂದು ನಿಂತು ಇಷ್ಟು ಬೇಗ ಬಳಸಬೇಡಿ, ಇನ್ನೊಂದು ತಿಂಗಳು ಆರಲಿ ಅಂದರು, ಕೇಳಲಿಲ್ಲ, ಜನವರಿಯ ಕೊನೆಗೇ ಮನೆಗೆ ತಂದಳು. ಫುಸಾಯೆ ಸಾನ್ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡರು. ಮಾರನೆಯ ಬೆಳಿಗ್ಗೆ ಅವರು ಪತ್ರಿಕೆ ತರಲು ಹೊರಗೆ ಹೋದಾಗ, ತನ್ನ ಕೈಕೆಲಸ ಎಷ್ಟು ಚೆನ್ನಾಗಿ ಕೂತಿದೆ ನೋಡೋಣ ಎಂಬ ಜಂಬದಿಂದ ಚಿಗುಸಾಳ ಮುಚ್ಚಳ ಎತ್ತಿದಳು, ಸಾರಿನಿಂದ ಹಬೆ ಏಳುತ್ತಿದೆ, ಮುಚ್ಚಳದ ಒಳಬದಿ ಒಣಗಿದೆ. ಓರೆ ಮಾಡಿ ನೋಡಿದಳು, ಬೆರಳಿಟ್ಟು ನೋಡಿದಳು, ಒಣ, ಬಿಸಿ ಕೂಡ ಇಲ್ಲ, ಕಪ್ಪಿನೊಳಗೆ ತನ್ನ ಕಣ್ಣು ಮಾತ್ರ. ಆಗ ಬೀದಿಬಾಗಿಲು ಜಾರಿದ ಸದ್ದಾಯಿತು, ಯೋಚಿಸಲು ಹೊತ್ತಿರಲಿಲ್ಲ, ನಲ್ಲಿಯ ಕೆಳಗೆ ಮೂರು ಬೆರಳು ಒಡ್ಡಿ ಮುಚ್ಚಳದೊಳಗೆ ಒಮ್ಮೆ ಕೊಡವಿದಳು, ಇನ್ನೊಮ್ಮೆ ಕೊಡವಿದಳು, ಮುಚ್ಚಿದಳು. ಮೇಜಿಗೆ ಕೂತು ತಲೆ ಬಾಗಿಸಿ ಮುಚ್ಚಳ ಎತ್ತಿದ ಫುಸಾಯೆ ಸಾನ್ ಬಹಳ ಹೊತ್ತು ಒಳಗೆ ನೋಡಿದರು, ಆಮೇಲೆ ದಿನಾ ಹೇಳುವುದನ್ನೇ ಹೇಳಿದರು, ಚೆನ್ನಾಗಿದ್ದಾಳೆ.

ಮರ ಬಾಗಿರಬೇಕು, ಅಂಚಿನಲ್ಲಿ ಕೂದಲೆಳೆ ಸಂದು, ಆವಿ ಅಲ್ಲಿಂದ ಹೋಗುತ್ತಿರಬೇಕು, ತನ್ನ ತಪ್ಪು, ಅಷ್ಟೇ ಎಂದು ಸಮಾಧಾನ ಮಾಡಿಕೊಂಡು ಬಟ್ಟಲು ಮುಚ್ಚಳ ಎರಡನ್ನೂ ಚೀಲದಲ್ಲಿ ಮುಚ್ಚಿಟ್ಟುಕೊಂಡು ಕುರೊಸಾಕಿ ಮೇಷ್ಟ್ರ ಬಳಿ ಒಯ್ದಳು, ಅವರು ಕೆಟಲಿನ ಬಿಸಿನೀರು ಹುಯ್ದು ಮುಚ್ಚಿ ಎತ್ತಿ ತೋರಿಸಿದರು, ತೊಟ್ಟಿಕ್ಕುವಷ್ಟು ಒದ್ದೆ, ಕೂದಲೆಳೆಯೂ ನುಸುಳಲ್ಲ, ನಿಮ್ಮ ತಂದೆ ಚೆನ್ನಾಗಿ ಕಲಿಸಿದ್ದಾರೆ ಅಂದರು. ಮನೆಗೆ ತಂದರೆ ಒಣ. ಕಾಲೇಜಿನಲ್ಲಿ ಒದ್ದೆ, ಮನೆಯಲ್ಲಿ ಒಣ, ಇದಕ್ಕೆ ಯಾವ ಮೇಷ್ಟ್ರನ್ನು ಕೇಳುವುದು. ಅವತ್ತಿನಿಂದ ದಿನಾ ಬೆಳಿಗ್ಗೆ ಇದೇ ಕೆಲಸ, ಮೂರು ಬೆರಳು, ಎರಡು ಸಲ, ಕೈ ಪಳಗಿದೆ, ಸಣ್ಣ ಹನಿ, ಮಂಜು ಹಿಡಿದಂತೆಯೇ ಕಾಣಬೇಕು, ದಪ್ಪ ಹನಿ ಬಿದ್ದರೆ ಸುಳ್ಳು ಎಂದು ತಿಳಿಯುತ್ತದೆ. ಇನ್ನೊಬ್ಬರ ಮಗಳನ್ನು ನಲ್ಲಿನೀರಿನಲ್ಲಿ ಬದುಕಿಸುವ ಕೆಲಸ. ಪಾಪ ಎನ್ನಿಸುತ್ತದೆ, ಅದು ನಿಜ, ಆದರೆ ಅದರ ಅಡಿಯಲ್ಲಿ ಇನ್ನೊಂದು ಇದೆ, ಅದನ್ನು ನೋಡಿಕೊಳ್ಳಲು ನಾಚಿಕೆ, ಏನೆಂದರೆ ನೇಲಿನ್‌ನ ಮುಚ್ಚಳ ಯಾವತ್ತೂ ಒಣಗಿಲ್ಲ. ಫುಸಾಯೆ ಸಾನ್ ಮಗಳ ಮುಚ್ಚಳ ಎತ್ತುವಾಗ ಇವಳು ತಮ್ಮನದನ್ನು ಎತ್ತುತ್ತಾಳೆ, ಒಟ್ಟಿಗೇ, ಪ್ರತಿದಿನ ಹನಿ, ದಪ್ಪದಪ್ಪ ಹನಿ, ನಮ್ಮವನು ಯಾವುದರಲ್ಲೂ ಧಾರಾಳಿ ಎಂದು ಒಳಗೊಳಗೇ ನಗುತ್ತಾಳೆ, ಎದುರಿಗೆ ಸುಳ್ಳು ಹನಿ ನೋಡುತ್ತ ಕೂತ ಮುದುಕಿಯ ಮುಂದೆ ತನ್ನದು ನಿಜದ ಹನಿ ಎಂಬ ಸೊಕ್ಕು, ನಿನ್ನ ಮಗಳು ಹೋದಳು, ನನ್ನ ತಮ್ಮ ಇದ್ದಾನೆ. ಅವನದನ್ನು ಮಾತ್ರ ಊಟಕ್ಕೆ ಕೂರುವ ಮುಂಚೆ ಎತ್ತಿ ನೋಡಿಲ್ಲ. ಯಾಕೆ ಎಂದು ಕೇಳಿಕೊಂಡೂ ಇಲ್ಲ. ಇನ್ನು ಇಪ್ಪತ್ತಮೂರು ದಿನಕ್ಕೆ ಊರಿಗೆ ಹೊರಡಬೇಕು, ವೀಸಾ ಮುಗಿಯುತ್ತದೆ, ಇಪ್ಪತ್ತನಾಲ್ಕನೆಯ ಬೆಳಿಗ್ಗೆ ಫುಸಾಯೆ ಸಾನ್ ಒಬ್ಬರೇ ಕೂತು ತಲೆ ಬಾಗಿಸಿ ಮುಚ್ಚಳ ಎತ್ತುತ್ತಾರೆ, ಆ ಕೈ ಕಣ್ಣಿಗೆ ಕಟ್ಟುತ್ತದೆ, ಗಂಟು ಬಿದ್ದ ಬೆರಳು, ಮಗುಚುವುದು, ಒಳಗೆ ಒಣಗಿದ ಕಪ್ಪು.

ಬೇಗ, ಬೇಗ, ಸಲಿಕೆಯನ್ನು ಗೋಡೆಗೆ ಒರಗಿಸುವ ಸದ್ದಿಗೆ ಇನ್ನು ಎಷ್ಟು ಹೊತ್ತು, ನಲ್ಲಿ ತಿರುಗಿಸಿದಳು, ನೀರು ಬೆರಳನ್ನು ಕಚ್ಚುವಷ್ಟು ತಣ್ಣಗೆ, ಚಿಗುಸಾಳ ಮುಚ್ಚಳ ಎತ್ತಿದಳು, ಒಣ, ಗೊತ್ತಿದ್ದದ್ದೇ, ಕೊಡವಿದಳು, ಇನ್ನೊಮ್ಮೆ, ಮುಚ್ಚಿದಳು, ಮುಗಿಯಿತು, ಇವತ್ತಿಗೂ ಬದುಕಿದಳು. ಹೊರಗೆ ಫುಸಾಯೆ ಸಾನ್ ಯಾರೊಡನೆಯೋ ಮಾತಿಗೆ ನಿಂತಿದ್ದಾರೆ, ಬೆಳಿಗ್ಗೆ ಬೆಳಿಗ್ಗೆ ನಾಯಿ ತಿರುಗಿಸುವ ಆ ಪಕ್ಕದ ಮನೆಯವರು, ಹಿಮ ಇಲ್ಲದಿದ್ರೂ ಶುರು ಹಚ್ಕೊಂಡ್ರಲ್ಲ ಎಂದು ಅವರು ತಮಾಷೆ ಮಾಡುವುದು ಕೇಳಿಸುತ್ತಿದೆ, ನಗು ಕೇಳಿಸುತ್ತಿದೆ, ಹಾಗಾದರೆ ಇನ್ನೂ ಹೊತ್ತಿದೆ, ಹೊತ್ತಿರುವುದೇ ತಪ್ಪಾಯಿತು, ಕೈ ತಾನಾಗಿ ಬಲಗಡೆಗೆ ಹೋಯಿತು, ಬೇಡ ಅನ್ನುವಷ್ಟರಲ್ಲಿ ನೇಲಿನ್‌ನ ಮುಚ್ಚಳ ಕೈಯಲ್ಲಿತ್ತು. ಮಗುಚಿದಳು. ಹನಿ ಇದೆ. ಇದೆ, ಇದೆ, ಅಯ್ಯೋ ದೇವರೇ ಇದೆ, ಉಸಿರು ಬಿಟ್ಟಳು, ನಾಲ್ಕು ಹನಿ, ದಪ್ಪದಪ್ಪ, ಧಾರಾಳಿ — ನಾಲ್ಕೇ ಯಾಕೆ, ಆವಿ ಎಂದಾದರೂ ನಾಲ್ಕು ಹನಿಯಾಗಿ ಬೀಳುತ್ತದೆಯೇ, ಆವಿ ಎಂದರೆ ಮಂಜು, ಅಂಚಿನಿಂದ ಅಂಚಿಗೆ ಹಿಡಿಯಬೇಕು, ಇಲ್ಲಿ ನಾಲ್ಕು ಹನಿ ಒಂದು ಬದಿಗೆ, ಉಳಿದದ್ದೆಲ್ಲ ಒಣಗಿದ ಕಪ್ಪು, ಕಿಟಕಿಯ ಬೆಳಕಿಗೆ ಹಿಡಿದಳು, ನಡುವಿನ ಹನಿಯೊಳಗೆ ಏನೋ ಹಳದಿ ಚುಕ್ಕೆ, ಕಣ್ಣು ಹತ್ತಿರ ಒಯ್ದಳು, ತೌಡು. ಅಕ್ಕಿತೌಡಿನ ಒಂದು ಕಣ. ಬೆಳಿಗ್ಗೆ ಎದ್ದ ಕೂಡಲೇ ಫುಸಾಯೆ ಸಾನ್ ತೌಡಿನ ತೊಟ್ಟಿಗೆ ಮೊಣಕೈವರೆಗೆ ಕೈ ಹಾಕಿ ಕಲಸಿ ಮೂಲಂಗಿ ತೆಗೆಯುತ್ತಾರೆ, ಎಷ್ಟು ತೊಳೆದರೂ ಉಗುರ ಸಂದಿಯ ತೌಡು ಹೋಗುವುದಿಲ್ಲ, ಮಿಸೊ ಕಲಸುವಾಗ ಸಿಗುತ್ತದೆ, ಟವೆಲ್ಲಿನಲ್ಲಿ ಸಿಗುತ್ತದೆ, ಇಗೋ ಇಲ್ಲಿ ಸಿಕ್ಕಿದೆ. ಎಷ್ಟು ದಿನದಿಂದ. ಮುಚ್ಚಳ ಬಂದ ದಿನದಿಂದಲೇ, ಅಥವಾ ಸಾಸರಿನ ಕಾಲದಿಂದಲೂ, ದೋಣಿಯಲ್ಲಿದ್ದೇನೆ ಮಮಾ ಮೀನು ನೆಗೆಯುತ್ತಿವೆ ಎಂದ ದಿನದಿಂದಲೂ. ಅಳು ಬರಲಿಲ್ಲ, ಕೋಪ ಬಂತು, ಕೆಂಡದಂಥ ಕೋಪ, ನನ್ನ ತಮ್ಮನನ್ನು ನಲ್ಲಿನೀರಿನಲ್ಲಿ ಬದುಕಿಸಲು ಇವರು ಯಾರು, ಸ್ವೆಟರಿನ ತೋಳಿನಿಂದ ಒರೆಸಿದಳು, ಅಂಚಿನಿಂದ ಅಂಚಿಗೆ, ತೌಡನ್ನೂ ಒರೆಸಿದಳು, ಸಾರನ್ನು ಪಾತ್ರೆಗೆ ಸುರಿದು ಮತ್ತೆ ಕುದಿಬಿಸಿ ಮಾಡಿ ಬಟ್ಟಲಿಗೆ ಹುಯ್ದು ಮುಚ್ಚಳ ಒತ್ತಿ ಕೂರಿಸಿದಳು, ಕೂದಲೆಳೆಯೂ ನುಸುಳುವುದಿಲ್ಲ ಅಂದಿದ್ದಾರೆ ಮೇಷ್ಟ್ರು, ಈಗ ಬಾ, ನೀನೇ ಬಾ ನೇಲಿನ್, ನಿನಗೆ ಅವಸರ ಜಾಸ್ತಿಯಲ್ಲವೇ.

ಬೀದಿಬಾಗಿಲು ಜಾರಿತು, ರಬ್ಬರ್ ಬೂಟು ಕಳಚಿದ ಸದ್ದು, ಮಂಡಿಗೆ ಸುತ್ತಿದ ಉಣ್ಣೆ ಬಟ್ಟೆಯನ್ನು ಬಿಗಿ ಮಾಡಿಕೊಳ್ಳುತ್ತ ಫುಸಾಯೆ ಸಾನ್ ಒಳಗೆ ಬಂದು ಚಳಿ ಚಳಿ ಅಂದರು, ಕೂತರು, ಇಬ್ಬರಿಗೂ ಚಹಾ ಬಗ್ಗಿಸಿದರು, ಇವಳೂ ಕೂತಳು, ಇವತ್ತು ಗುರುವಾರ, ಚಿಗುಸಾ ಉತ್ತರಕ್ಕೆ. ಇಬ್ಬರ ತಲೆಯೂ ಬಾಗಿ ಎದ್ದಿತು. ಎರಡು ಕೈ, ಎರಡು ಮುಚ್ಚಳ. ಫುಸಾಯೆ ಸಾನ್ ತಮ್ಮದನ್ನು ಮಗುಚಿ ನೋಡಿ, ಚೆನ್ನಾಗಿದ್ದಾಳೆ ಎಂದು ಹೇಳಿ, ಎಂದಿನಂತೆ ಇವಳು ಚೆನ್ನಾಗಿದ್ದಾನೆ ಎನ್ನುವುದಕ್ಕೆ ಕಾದರು. ಥಾಜಿನ್ ಎತ್ತಿದಳು. ಸಾರಿನಿಂದ ದಟ್ಟ ಹಬೆ ಎದ್ದು ಮುಖಕ್ಕೆ ಬಡಿಯಿತು, ಗಲ್ಲ ಒದ್ದೆಯಾಯಿತು, ರೆಪ್ಪೆ ಒದ್ದೆಯಾಯಿತು, ಮುಚ್ಚಳ ಮಗುಚಿದಳು, ಒಣ. ಒಣ ಕಪ್ಪು, ಅದರೊಳಗೆ ಕಿಟಕಿ, ಕಿಟಕಿಯ ಪಕ್ಕ ಅರ್ಧ ಮುಖ. ಮುಚ್ಚಳವನ್ನು ಹಾಗೆಯೇ ಅವರ ಕಡೆಗೆ ತಿರುಗಿಸಿ ಹಿಡಿದಳು. ಫುಸಾಯೆ ಸಾನ್ ಮುಚ್ಚಳ ನೋಡಿದರು, ಇವಳ ಸ್ವೆಟರಿನ ಒದ್ದೆ ತೋಳು ನೋಡಿದರು. ಯಾಕೆ ಒರೆಸಿದೆ ತಾಜಿನ್ ಚಾನ್, ಅಂದರು, ಬೈಗುಳದ ದನಿಯಲ್ಲ, ನೊಂದ ದನಿ, ಮಗು ಮಾತ್ರೆ ಉಗುಳಿದಾಗ ಕೇಳುವ ಹಾಗೆ. ನಿಮಗೆ ಗೊತ್ತಿತ್ತಾ ಎಂದಳು ಇವಳು, ಅವಳದೂ ಒಣಗಿರುತ್ತೆ ಅಂತ ಗೊತ್ತಿತ್ತಾ. ಗೊತ್ತಿಲ್ದೆ ಏನು, ಹನ್ನೊಂದು ವರ್ಷ ನಾನೇ ಹಾಕ್ಕೋತಿದ್ದೆ, ಹಳೇ ಮುಚ್ಚಳಾನೂ ಒಂದಿನ ಬೆವರಿಲ್ಲ, ನಮ್ಮ ಕೈಲೇ ಹಾಕ್ಕೊಂಡ್ರೆ ನಂಬಿಕೆ ಬರಲ್ಲ ಕಣೆ, ಈ ಒಂದು ತಿಂಗಳು ನಾನು ಬೇಕಂತ್ಲೇ ಹೊರಗಿದ್ದಾಗ ನೀನು ಹಾಕ್ದೆ ನೋಡು, ಬೇರೆಯವರ ಕೈ, ಎಷ್ಟು ಸಣ್ಣ ಸಣ್ಣ ಹನಿ, ನಿಜ ಅನ್ನಿಸ್ತಿತ್ತು.

ಇಷ್ಟು ಹೇಳಿ ಅವರು ತಮ್ಮ ಲೋಟದ ಚಹಾಕ್ಕೆ ಗಂಟು ಬೆರಳು ಅದ್ದಿದರು, ಇವಳ ಕೈಯಲ್ಲಿದ್ದ ಮುಚ್ಚಳದೊಳಗೆ, ಇವಳ ಕಣ್ಣ ಮುಂದೆಯೇ, ಒಮ್ಮೆ ಕೊಡವಿದರು. ಈಗ ಹೇಳು, ಅಂದರು. ಥಾಜಿನ್ ಹೇಳಲು ಬಾಯಿ ತೆರೆದಳು, ಹೇಳಿದರೆ ಇವತ್ತಿಗೆ ಇರುತ್ತಾನೆ, ಹೇಳದಿದ್ದರೆ — ಇಪ್ಪತ್ತಮೂರು ದಿನ ಇವರ ಕೈ, ಆಮೇಲೆ ಬಗಾನ್‌ನಲ್ಲಿ ಯಾರ ಕೈ, ಅಮ್ಮನ ಕೈ, ಒಗೆದ ಬಟ್ಟೆಯನ್ನೇ ಒಗೆಯುವ ಕೈ, ದೋಣಿ, ಮೀನು — ಚೆನ್ನಾಗಿ, ಎಂದಳು, ಅಷ್ಟಕ್ಕೇ ನಿಂತಿತು, ಕಪ್ಪಿನ ಮೇಲೆ ಮೂರು ಹನಿ, ಎರಡು ಬರಿಯ ಹನಿ, ಮೂರನೆಯದರ ನಡುವೆ ಹಳದಿ ತೌಡಿನ ಕಣ, ಅದು ಒಳಗೇ ಒಮ್ಮೆ ತಿರುಗಿತು, ಮುಚ್ಚಳದ ಇಳಿಜಾರಿನಲ್ಲಿ ಒಂದು ಕೂದಲೆಳೆಯಷ್ಟು ಜರುಗಿತು, ನಿಂತಿತು, ತೌಡಿನ ಕಣ, ಹನಿ, ಕಪ್ಪು